ಮೂವತ್ತು ಸೆಂಟಿಮೀಟರಿಗಿಂತ ತೆಳುವಾದ ಮರಗಳು: ರಾಮನಗರ ಸೀಮೆಯ ಆಲೆಮರದ ಸಾಂದ್ರತೆ ಮತ್ತು ಬೆಳವಣಿಗೆಯನ್ನು ಅಳೆಯುವ ಕುರಿತು

ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಲೇತಿಗೆ ಏರುವ ಮರ ದೊಡ್ಡ ದಿಮ್ಮಿಯಲ್ಲ. ಮಣಿಕಟ್ಟಿನಿಂದ ತೋಳಿನ ದಪ್ಪದವರೆಗಿನ ಬೆಳ್ಳನೆಯ ತುಂಡುಗಳು. ಕಡಿದು ತಂದು, ತಿಂಗಳುಗಟ್ಟಲೆ ಒಣಗಲು ಬಿಟ್ಟು, ಆಮೇಲೆ ಕೆಲಸಕ್ಕೆ ತೆಗೆದುಕೊಳ್ಳುವಂಥವು. ಈ ಕಸುಬಿಗೆ ಹೆಸರಾದದ್ದು ಆಲೆಮರ. ಕೆಲವೆಡೆ ಹಾಲೆ ಎಂದೂ ಕರೆಯುತ್ತಾರೆ. ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ಅದು ರೈಟಿಯ ಟಿಂಕ್ಟೋರಿಯ. ಇತ್ತ ಕಾಡಿನಲ್ಲಿ ಮರ ಎಣಿಸಲು ಹೋಗುವವರು ಸಾಮಾನ್ಯವಾಗಿ ಎದೆಮಟ್ಟದಲ್ಲಿ 10 ಸೆಂ.ಮೀ. ವ್ಯಾಸ, ಅಂದರೆ ಸರಿಸುಮಾರು 30 ಸೆಂ.ಮೀ. ಸುತ್ತಳತೆ ದಾಟಿದ್ದನ್ನು ಮಾತ್ರ ಮರವೆಂದು ಲೆಕ್ಕಕ್ಕೆ ಹಿಡಿಯುತ್ತಾರೆ. ಈ ಎರಡು ಸಂಗತಿಗಳನ್ನು ಜೊತೆಗಿಟ್ಟು ನೋಡಿದರೆ ತೊಡಕು ಎಲ್ಲಿದೆ ಎಂದು ತಿಳಿಯುತ್ತದೆ. ಬೊಂಬೆಗೆ ಹೋಗುವ ಮರದ ದೊಡ್ಡ ಪಾಲು ಎಣಿಕೆಯ ಗೆರೆಯ ಕೆಳಗಿದೆ. ಹಾಗಾಗಿ ಅದು ಇದ್ದಾಗಲೂ ದಾಖಲಾಗುವುದಿಲ್ಲ, ಕಡಿದ ಮೇಲೂ ಕಡಿಮೆಯಾದದ್ದು ಕಾಣುವುದಿಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಒಣ ಕಾಡಿನಲ್ಲಿ ಮರದ ಸಾಂದ್ರತೆಯನ್ನೂ ಬೆಳವಣಿಗೆಯನ್ನೂ ಅಳೆಯುವವರು ಈ ಗೆರೆಯನ್ನು ಕೆಳಗಿಳಿಸಬೇಕು. ಮರವನ್ನು ಒಂದು ಕಾಂಡವೆಂದು ಭಾವಿಸದೆ ಬೊಡ್ಡೆಯೂ ಅದರ ಕುಡಿಗಳೂ ಸೇರಿದ ಒಂದು ಗುಂಪಾಗಿ ಅಳೆಯಬೇಕು ಎಂಬುದು ಈ ಟಿಪ್ಪಣಿಯ ವಾದ. ಆಲೆಮರ ಜಾಗತಿಕವಾಗಿ ಅಳಿವಿನಂಚಿಗೆ ಬಂದಿರುವ ಮರವಲ್ಲ. ಭಾರತದ ಒಣ ಪ್ರದೇಶಗಳಲ್ಲಿ ವ್ಯಾಪಕವಾಗಿ ಹರಡಿರುವಂಥದು. ಆದರೆ ಒಂದು ಸೀಮೆಯ ಕಸುಬು ಆ ಸೀಮೆಯ ಮರವನ್ನು ನಂಬಿಕೊಂಡಿರುವಾಗ ದೇಶದಾದ್ಯಂತದ ಹರವು ಇಲ್ಲಿಯವರಿಗೆ ಸಮಾಧಾನ ಕೊಡುವುದಿಲ್ಲ. ಸಾವನದುರ್ಗದ ತಪ್ಪಲಿನಲ್ಲಿ ಎಷ್ಟಿದೆ, ತೆಂಗಿನಕಲ್ಲು ಕಾಡಿನಲ್ಲಿ ಎಷ್ಟಿದೆ, ಹೊಲದ ಬದುಗಳಲ್ಲಿ ಎಷ್ಟು ಉಳಿದಿದೆ ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ.

ಈ ಸೀಮೆಯ ನೆಲವನ್ನು ಗಮನಿಸದೆ ಅಳತೆಯ ಮಾತು ಆಡುವಂತಿಲ್ಲ. 2007ರಲ್ಲಿ ರಾಮನಗರ ಜಿಲ್ಲೆಯಾಗಿ ರೂಪುಗೊಂಡು 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾದ ಈ ಪ್ರದೇಶದ ಬೆನ್ನೆಲುಬು ಕ್ಲೋಸ್‌ಪೇಟೆ ಗ್ರಾನೈಟ್. ಸುಮಾರು 250 ಕೋಟಿ ವರ್ಷ ಹಳೆಯ ಈ ಶಿಲೆಗೆ ಆ ಹೆಸರು ಬಂದದ್ದು ರಾಮನಗರದ ಬ್ರಿಟಿಷ್ ಕಾಲದ ಹೆಸರಿನಿಂದಲೇ. ಸಾವನದುರ್ಗ ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಬಂಡೆ. ರಾಮದೇವರ ಬೆಟ್ಟದ ಕಡಿದಾದ ಬಂಡೆಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತಿದ್ದ ಕಾರಣಕ್ಕೆ 2012ರಲ್ಲಿ ಅದನ್ನು ರಣಹದ್ದು ಧಾಮವೆಂದು ಘೋಷಿಸಲಾಯಿತು. ಬಂಡೆಗಳ ನಡುವಣ ಸಂದಿಗಳಲ್ಲಿ, ಇಳುಕಲಿನಲ್ಲಿ ನಿಂತ ತೆಳುಮಣ್ಣಿನಲ್ಲಿ ಕಾಡು ಇದೆ. ದಿಂಡಿಗ, ಕಗ್ಗಲಿ, ಕಕ್ಕೆ, ಮುತ್ತುಗ, ಅಲ್ಲಲ್ಲಿ ಹೊನ್ನೆ, ಬೇಲಿಸಾಲಿನ ಹತ್ತಿರ ಬೇವು, ಹೊಂಗೆ. ದಕ್ಷಿಣಕ್ಕೆ ಕನಕಪುರದ ಕಡೆ ಇಳಿದರೆ ಅರ್ಕಾವತಿ ಕಾವೇರಿಗೆ ಸೇರುವ ಸಂಗಮದ ಸುತ್ತ ಕಾಡು ಇನ್ನೂ ಒಣಗಿದ್ದು, ಮುಳ್ಳು ಹೆಚ್ಚು. 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮದ ಭಾಗ ಅದು. ಅಲ್ಲಿಂದ ಆನೆಗಳು ಕಬ್ಬಾಳು, ತೆಂಗಿನಕಲ್ಲು ಕಾಡುಗಳ ಮೂಲಕ ಚನ್ನಪಟ್ಟಣದ ಊರುಗಳ ತನಕ ಬರುತ್ತವೆ.

ಇಂಥ ನೆಲದಲ್ಲಿ ಹೆಕ್ಟೇರಿಗೆ ಇಷ್ಟು ಮರ ಎನ್ನುವ ಸಂಖ್ಯೆ ಎರಡು ಕಾರಣಕ್ಕೆ ತಪ್ಪುತ್ತದೆ. ಮೊದಲನೆಯದು ಇಳಿಜಾರು. 20 ಮೀಟರ್ ಉದ್ದ, 20 ಮೀಟರ್ ಅಗಲದ ಚೌಕವನ್ನು 30 ಡಿಗ್ರಿ ಇಳಿಜಾರಿನಲ್ಲಿ ನೆಲಕ್ಕೆ ಒತ್ತಿ ಟೇಪು ಹಿಡಿದು ಗುರುತಿಸಿದರೆ, ನಕ್ಷೆಯ ಮೇಲೆ ಅದರ ಒಂದು ಬದಿ 17.3 ಮೀಟರ್ ಮಾತ್ರ. ನಾವು 400 ಚದರ ಮೀಟರ್ ಎಂದುಕೊಂಡದ್ದು ನಿಜವಾಗಿ 346. ಅದರೊಳಗೆ 12 ಮರ ಸಿಕ್ಕರೆ ಹೆಕ್ಟೇರಿಗೆ 300 ಎಂದು ಬರೆಯುತ್ತೇವೆ, ಬರೆಯಬೇಕಾದದ್ದು 346. ಟೇಪನ್ನು ಮಟ್ಟಸವಾಗಿ, ತುಂಡುತುಂಡಾಗಿ ಇಳಿಸಿಕೊಂಡು ಬಂದರೆ ಈ ತಪ್ಪು ಆಗುವುದಿಲ್ಲ. ಆದರೆ ಮುಳ್ಳುಪೊದೆಯ ನಡುವೆ, ಲಂಟಾನದ ಗೋಡೆಯ ಮುಂದೆ ನಿಂತಾಗ ಆ ತಾಳ್ಮೆಯೇ ಮೊದಲು ಹೋಗುವುದು. ಎರಡನೆಯದು ಬಂಡೆ. ಮಟ್ಟಸ ನೆಲದ ಚೌಕದಲ್ಲೂ ಹತ್ತರಲ್ಲಿ ನಾಲ್ಕು ಪಾಲು ಬರಿ ಬಂಡೆಯಾಗಿದ್ದರೆ ಅದೇ 12 ಮರಗಳು ಬೆಳೆದಿರುವುದು 240 ಚದರ ಮೀಟರ್ ಮಣ್ಣಿನಲ್ಲಿ. ಮಣ್ಣಿನ ಲೆಕ್ಕದಲ್ಲಿ ಸಾಂದ್ರತೆ ಹೆಕ್ಟೇರಿಗೆ 500. ಎರಡು ಸಂಖ್ಯೆಗಳೂ ಬೇಕು. ಒಟ್ಟು ಕಾಡಿನಲ್ಲಿ ಎಷ್ಟು ಮರವಿದೆ ಎಂದು ಹೇಳಲು ಮೊದಲನೆಯದು, ಮರಗಳು ಒಂದಕ್ಕೊಂದು ಎಷ್ಟು ಒತ್ತಿಕೊಂಡು ಬೆಳೆಯುತ್ತಿವೆ ಎಂದು ಹೇಳಲು ಎರಡನೆಯದು. ಬಂಡೆಯ ಪಾಲನ್ನು ಬರೆದಿಡದ ಚೌಕದಿಂದ ಎರಡನೆಯ ಸಂಖ್ಯೆಯನ್ನು ಆಮೇಲೆ ಪಡೆಯಲು ಸಾಧ್ಯವೇ ಇಲ್ಲ.

ಪತ್ರಿಕೆಗಳಲ್ಲಿ ಬರುವ ಅರಣ್ಯ ಸಾಂದ್ರತೆಯ ಅಂಕಿಗಳು ಬೇರೆಯದೇ ಲೆಕ್ಕ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ ಉಪಗ್ರಹ ಚಿತ್ರಗಳಿಂದ ತೆಗೆಯುವುದು ಮರದ ನೆತ್ತಿ ಎಷ್ಟು ನೆಲವನ್ನು ಮುಚ್ಚಿದೆ ಎಂಬ ಪ್ರಮಾಣ: ಶೇ. 70ಕ್ಕಿಂತ ಹೆಚ್ಚಿದ್ದರೆ ಅತಿ ದಟ್ಟ, 40ರಿಂದ 70 ಮಧ್ಯಮ ದಟ್ಟ, 10ರಿಂದ 40 ತೆರೆದ ಕಾಡು, ಅದಕ್ಕೂ ಕಡಿಮೆಯಾದರೆ ಕುರುಚಲು. ವಿಶಾಲವಾದ ನೆತ್ತಿಯ ನಾಲ್ಕು ಹಳೆಯ ಮರಗಳು ಕೊಡುವ ಮುಚ್ಚಿಗೆಯನ್ನು ನಲವತ್ತು ಎಳೆಯ ಕಾಂಡಗಳೂ ಕೊಡಬಹುದು. ಮಾಗಡಿ, ರಾಮನಗರದ ಕಾಡು ಫೆಬ್ರವರಿ ಹೊತ್ತಿಗೆ ಎಲೆ ಉದುರಿಸಿ ಬೆತ್ತಲಾಗುವುದರಿಂದ ಯಾವ ತಿಂಗಳ ಚಿತ್ರ ಎಂಬುದೂ ಮುಖ್ಯವಾಗುತ್ತದೆ. ಬೊಂಬೆಗೆ ಬೇಕಾದ ಮರ ಎಷ್ಟಿದೆ ಎಂಬ ಪ್ರಶ್ನೆಗೆ ಆ ಅಂಕಿಯಿಂದ ಉತ್ತರ ಬರುವುದಿಲ್ಲ. ಅದು ಆ ಪ್ರಶ್ನೆಗಾಗಿ ಮಾಡಿದ್ದೂ ಅಲ್ಲ.

ಇನ್ನು ಆಲೆಮರದ ಹತ್ತಿರ ಹೋಗೋಣ. ಗುರುತು ಹಿಡಿಯುವುದರಿಂದಲೇ ಎಚ್ಚರ ಬೇಕು. ಎಲೆ ಕಿತ್ತರೆ ಹಾಲು ಬರುವ, ಬಿಳಿ ಹೂವಿನ, ಜೋಡಿ ಕಾಯಿಯ ಇನ್ನೊಂದು ಗಿಡ ಕೊಡಸಿಗವೂ ಈ ಕಾಡುಗಳಲ್ಲಿದೆ. ಆಲೆಯ ಹೂವಿನ ನಡುವೆ ಎಳೆಎಳೆಯಾದ ಕುಚ್ಚಿರುತ್ತದೆ, ಕೊಡಸಿಗದಲ್ಲಿ ಅದಿಲ್ಲ. ಆಲೆಯ ಎಳೆಕಾಯಿಗಳೆರಡೂ ತುದಿಯಲ್ಲಿ ಅಂಟಿಕೊಂಡು ಬಳೆಯಂತೆ ತೂಗುತ್ತವೆ. ಹೂವೂ ಕಾಯಿಯೂ ಇಲ್ಲದ ದಿನಗಳಲ್ಲಿ ಎಳೆಯ ಕುಡಿಗಳನ್ನು ಎಣಿಸುವಾಗ ಎರಡನ್ನೂ ಒಂದೇ ಹೆಸರಿನಲ್ಲಿ ಬರೆದುಬಿಡುವ ಸಾಧ್ಯತೆ ಬಹಳ. ಏಳೆಲೆಯ ಹಾಲೆ ಎನ್ನುವ ದೊಡ್ಡ ಮರಕ್ಕೂ ಕೆಲವೆಡೆ ಹಾಲೆ ಎಂದೇ ಹೆಸರಿರುವುದರಿಂದ, ಊರಿನವರು ಹೇಳಿದ ಹೆಸರಿನ ಜೊತೆಗೆ ಒಂದು ರೆಂಬೆಯನ್ನು ಒತ್ತಿ ಒಣಗಿಸಿ ಇಟ್ಟುಕೊಳ್ಳುವುದು ಕ್ಷೇಮ. ಆಲೆಯ ಎಲೆಯಿಂದ ನೀಲಿ ಬಣ್ಣ ತೆಗೆಯುತ್ತಿದ್ದರು; ಬಣ್ಣಗಾರಿಕೆಗೆ ಒದಗುವುದು ಎಂಬ ಅರ್ಥದ ಲ್ಯಾಟಿನ್ ಪದ ಅದರ ಶಾಸ್ತ್ರೀಯ ಹೆಸರಿನಲ್ಲಿ ಸೇರಿದ್ದು ಆ ಕಾರಣಕ್ಕೆ.

ಬೊಂಬೆಯವರು ಈ ಮರವನ್ನೇ ಹುಡುಕುವುದಕ್ಕೆ ಕಾರಣ ಅದರ ಎಳೆ. ಒತ್ತಾದ, ಸಮನಾದ ಎಳೆ. ಉಳಿಗೆ ಸಿಡಿಯದೆ ಸುರುಳಿಯಾಗಿ ಬರುತ್ತದೆ. ಲೇತಿನಲ್ಲಿ ತಿರುಗುತ್ತಿರುವ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ ಉಜ್ಜಿದ ಬಿಸಿಗೆ ಅರಗು ಕರಗಿ ಹರಡುತ್ತದೆ. ಮೇಲೆ ತಾಳೆಗರಿ ಎಂದು ಅವರು ಕರೆಯುವ, ಕೇದಗೆಯ ಜಾತಿಯ ಗರಿಯಿಂದ ಒತ್ತಿ ತೀಡಿದರೆ ಹೊಳಪು ಏರುತ್ತದೆ. ಮರದ ರಂಧ್ರಗಳು ದೊಡ್ಡವಿದ್ದರೆ ಆ ಹೊಳಪು ಒಂದೇ ಸಮ ಕೂರುವುದಿಲ್ಲ. ಮರ ಬೆಳ್ಳಗಿರುವುದರಿಂದ ಹಳದಿ, ಕೆಂಪು ಇದ್ದ ಹಾಗೆಯೇ ಕಾಣುತ್ತವೆ. ಈಗ ರಬ್ಬರ್ ಮರ ಮುಂತಾದವೂ ಲೇತಿಗೆ ಬರುತ್ತಿವೆ. ಆದರೂ ಹಿಡಿ ಗಾತ್ರದ ಸಣ್ಣ ಬೊಂಬೆಗೆ ಆಲೆ ಬೇಕೆನ್ನುವ ಕಸುಬುದಾರರ ಮಾತು ಬರಿಯ ಹಳೆಯ ಒಲವಲ್ಲ, ಮರದ ಎಳೆಯನ್ನು ಕೈಯಲ್ಲಿ ಬಲ್ಲವರ ಮಾತು.

ಆಲೆಯನ್ನು ಕಡಿದರೆ ಸಾಯುವುದಿಲ್ಲ. ಬೊಡ್ಡೆಯಿಂದ ಕುಡಿಯೊಡೆಯುತ್ತದೆ. ದಾರಿಗೆ ಹತ್ತಿರದ ತಪ್ಪಲುಗಳಲ್ಲಿ ಕಾಣುವ ಆಲೆಗಳಲ್ಲಿ ಒಂಟಿ ಕಾಂಡದ ನೆಟ್ಟಗಿನ ಮರಕ್ಕಿಂತ ಇಂಥ ಬೊಡ್ಡೆಗಳೇ ಕಣ್ಣಿಗೆ ಬೀಳುತ್ತವೆ. ಮೊಣಕಾಲ ಮಟ್ಟದಲ್ಲಿ ಹಳೆಯ ಕಡಿತದ ಕಪ್ಪುಮೋರೆ, ಅದರ ಅಂಚಿನಲ್ಲಿ ತೊಗಟೆ ಮಡಿಚಿಕೊಂಡು ಗಾಯ ಮುಚ್ಚಲು ಬಂದ ತುಟಿ, ಅದರ ಕೆಳಗಿಂದ ಹೊರಬಾಗಿ ಮೇಲೇರಿದ ಮೂರೋ ನಾಲ್ಕೋ ಕುಡಿಗಳು, ಬುಡದಲ್ಲಿ ಬೆರಳು ದಪ್ಪದ ಇನ್ನಷ್ಟು ಎಳೆಚಿಗುರು. ಇಂಥ ಒಂದು ಬೊಡ್ಡೆಗೆ ನಾಲ್ಕು ಕಾಂಡಗಳಿದ್ದು, ಪ್ರತಿಯೊಂದೂ ಎದೆಮಟ್ಟದಲ್ಲಿ 25 ಸೆಂ.ಮೀ. ಸುತ್ತಳತೆ ಇದೆ ಎಂದಿಟ್ಟುಕೊಳ್ಳೋಣ. ಕಾಂಡವನ್ನು ಅಡ್ಡ ಕೊಯ್ದರೆ ಸಿಗುವ ಮುಖದ ವಿಸ್ತೀರ್ಣಕ್ಕೆ ಸುತ್ತಳತೆಯ ವರ್ಗವನ್ನು 12.57ರಿಂದ ಭಾಗಿಸಬೇಕು. ಒಂದೊಂದು ಕಾಂಡಕ್ಕೆ ಸುಮಾರು 50 ಚದರ ಸೆಂ.ಮೀ., ನಾಲ್ಕಕ್ಕೂ ಸೇರಿ 199. ಇಷ್ಟೇ ವಿಸ್ತೀರ್ಣವುಳ್ಳ ಒಂಟಿ ಕಾಂಡದ ಮರದ ಸುತ್ತಳತೆ 50 ಸೆಂ.ಮೀ. ಅಂಥ ಮರ ಯಾವ ಸಮೀಕ್ಷೆಯಲ್ಲೂ ತಪ್ಪಿಹೋಗುವುದಿಲ್ಲ. ನಮ್ಮ ಬೊಡ್ಡೆ ಮಾತ್ರ 30 ಸೆಂ.ಮೀ. ಗೆರೆಯ ಸಮೀಕ್ಷೆಯಲ್ಲಿ ಸೊನ್ನೆ.

ಮಾತು ಇಲ್ಲಿಗೆ ನಿಲ್ಲುವುದಿಲ್ಲ. ನಾಲ್ಕರಲ್ಲಿ ಒಂದು ಕುಡಿ ಮಾತ್ರ ಬೆಳೆದು 30 ದಾಟಿದರೆ ಮುಂದಿನ ಸಮೀಕ್ಷೆಯಲ್ಲಿ ಅಲ್ಲಿ ಹೊಸ ಮರವೊಂದು ಹುಟ್ಟಿದಂತೆ ದಾಖಲಾಗುತ್ತದೆ. ಉಳಿದ ಮೂರನ್ನು ಅಷ್ಟರಲ್ಲಿ ಯಾರೋ ಕಡಿದುಕೊಂಡು ಹೋಗಿದ್ದರೂ ಸರಿಯೇ. ಬೊಡ್ಡೆಯ ಮರ ಕಡಿಮೆಯಾಗಿದೆ, ಕಾಗದದ ಮೇಲೆ ಹೆಚ್ಚಾಗಿದೆ. ಈ ಕಾರಣಕ್ಕೇ ಸಾಂದ್ರತೆಯನ್ನು ಮೂರು ಬಗೆಯಾಗಿ ಬರೆಯುವುದು ಅಗತ್ಯ ಎನ್ನುತ್ತೇನೆ: ಹೆಕ್ಟೇರಿಗೆ ಎಷ್ಟು ಬೊಡ್ಡೆ, ಎಷ್ಟು ಕಾಂಡ, ಎಷ್ಟು ಚದರ ಮೀಟರ್ ಕಾಂಡಮುಖ. ಬೊಡ್ಡೆಗಳ ಸಂಖ್ಯೆ ಸ್ಥಿರವಾಗಿದ್ದು ಕಾಂಡಮುಖ ಕುಗ್ಗುತ್ತಿದ್ದರೆ ಕೊಯ್ಲು ಬೆಳವಣಿಗೆಯನ್ನು ಮೀರಿದೆ ಎಂದರ್ಥ. ಬೊಡ್ಡೆಗಳೇ ಕಡಿಮೆಯಾಗುತ್ತಿದ್ದರೆ ಕಾರಣ ಬೇರೆ. ಬೆಂಕಿ, ಬೇರು ಕೀಳುವುದು, ಕಲ್ಲು ತೆಗೆಯುವುದು, ಒತ್ತುವರಿ ಇವುಗಳಲ್ಲಿ ಹುಡುಕಬೇಕು. ಒಂದೇ ಸಂಖ್ಯೆಯಿಂದ ಈ ಎರಡು ರೋಗಗಳನ್ನು ಬೇರ್ಪಡಿಸಲು ಆಗದು.

ಗೆರೆಯನ್ನು ಎಷ್ಟಕ್ಕೆ ಇಳಿಸಬೇಕು? ಉತ್ತರ ನಮ್ಮ ನೆರೆಯಲ್ಲೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು ಆರ್. ಸುಕುಮಾರ್ ಅವರ ಮುಂದಾಳತ್ವದಲ್ಲಿ 1988ರಲ್ಲಿ ಮುದುಮಲೆಯ ಎಲೆಯುದುರುವ ಕಾಡಿನಲ್ಲಿ 50 ಹೆಕ್ಟೇರಿನ ಒಂದೇ ತಾಕನ್ನು ಗುರುತಿಸಿ, 1 ಸೆಂ.ಮೀ. ವ್ಯಾಸ ದಾಟಿದ ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟರು. ಮೊದಲ ಎಣಿಕೆಯಲ್ಲೇ 25 ಸಾವಿರಕ್ಕೂ ಹೆಚ್ಚು. ಅದಕ್ಕೆ ಮಾದರಿ, ಪನಾಮಾದ ಬಾರೊ ಕೊಲರಾಡೊ ದ್ವೀಪದಲ್ಲಿ 1980ರ ದಶಕದ ಆರಂಭದಲ್ಲಿ ಶುರುವಾದ ಅಷ್ಟೇ ದೊಡ್ಡ ತಾಕು. ಅಲ್ಲಿನ ತೇವದ ಕಾಡಿನಲ್ಲಿ ಸಿಕ್ಕ ಸಂಖ್ಯೆ ಎರಡು ಲಕ್ಷ ಮೀರಿತ್ತು. ಮುದುಮಲೆಯ ಕೆಲಸದ ಬೆಲೆ ತಿಳಿದದ್ದು ಮರುಎಣಿಕೆಗಳಲ್ಲಿ. ಆನೆಗಳು ತೊಗಟೆ ಸುಲಿದು, ಕಾಂಡ ಮುರಿದು ಬೆಂಡೆಮರದಂಥ ಒಂದು ಜಾತಿಯನ್ನು ಎಷ್ಟರ ಮಟ್ಟಿಗೆ ಇಳಿಸಿದವು ಎಂಬುದು ಸಣ್ಣ ಕಾಂಡಗಳನ್ನೂ ಹೆಸರಿಟ್ಟು ಬರೆದಿದ್ದರಿಂದಲೇ ಗೊತ್ತಾಯಿತು. ಕನಕಪುರ, ಚನ್ನಪಟ್ಟಣದ ಕಾಡುಗಳೂ ಆನೆಯ ದಾರಿಯಲ್ಲಿರುವುದರಿಂದ ಮನುಷ್ಯ ಕಡಿದ ಕಾಂಡವನ್ನೂ ಆನೆ ಮುರಿದ ಕಾಂಡವನ್ನೂ ಬೇರೆಬೇರೆಯಾಗಿ ಬರೆಯುವ ಶಿಸ್ತು ಇಲ್ಲಿಗೂ ಬೇಕು. ಕತ್ತಿಯ ಗುರುತು ಚಪ್ಪಟೆ. ಆನೆ ಮುರಿದದ್ದು ಸೀಳುಸೀಳಾಗಿ, ತೊಗಟೆಯ ಪಟ್ಟಿ ಇಳಿಬಿದ್ದು ಇರುತ್ತದೆ. ಒಂದೆರಡು ವರ್ಷ ಕಳೆದರೆ ಎರಡೂ ಕಪ್ಪಾಗಿ ಒಂದೇ ತರಹ ಕಾಣುತ್ತವೆ. ಹಾಗಾಗಿ ಎಣಿಕೆ ವರ್ಷವರ್ಷವೂ ನಡೆಯಬೇಕು.

50 ಹೆಕ್ಟೇರಿನ ತಾಕು ನಮ್ಮ ನಾಲ್ಕು ತಾಲ್ಲೂಕಿಗೆ ಹೊಂದುವುದಿಲ್ಲ. ಇಲ್ಲಿ ಕಾಡು ಚೂರುಚೂರಾಗಿದೆ. ಒಂದು ಚೂರನ್ನು ಚೆನ್ನಾಗಿ ಅರಿತರೆ ಇನ್ನೊಂದರ ಬಗ್ಗೆ ಹೇಳಲಾಗದು. ಕೆ.ಎಸ್. ಮುರಳಿ ಮತ್ತು ಸಂಗಡಿಗರು 2003ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಸಾವನದುರ್ಗದ ಮರ, ಪೊದೆಗಳ ವೈವಿಧ್ಯ ಜಾಗದಿಂದ ಜಾಗಕ್ಕೆ ಹೇಗಿದೆ ಎಂದು ಬರೆದರು. ಒಂದೇ ಕಾಡಿನೊಳಗೇ ಇಂಥ ಅಧ್ಯಯನ ಬೇಕಾಗಿರುವಾಗ ನಾಲ್ಕು ತಾಲ್ಲೂಕುಗಳ ಮಾತೇನು. ಚಿಕ್ಕ ಚೌಕಗಳನ್ನು ಹಲವು ಕಡೆ ಹರಡುವುದೇ ಇಲ್ಲಿ ಸರಿಯಾದ ದಾರಿ. 20 ಮೀಟರ್ ಚೌಕದಲ್ಲಿ 30 ಸೆಂ.ಮೀ. ಸುತ್ತಳತೆ ದಾಟಿದ ಎಲ್ಲ ಮರ. ಅದರೊಳಗಿನ 10 ಮೀಟರ್ ಚೌಕದಲ್ಲಿ 10 ಸೆಂ.ಮೀ. ದಾಟಿದ ಎಲ್ಲ ಕಾಂಡ; ಮೂಲೆಯ 5 ಮೀಟರ್ ಚೌಕದಲ್ಲಿ 3 ಸೆಂ.ಮೀ. ಸುತ್ತಳತೆಯವರೆಗೆ, ಅಂದರೆ ಮುದುಮಲೆಯ 1 ಸೆಂ.ಮೀ. ವ್ಯಾಸದ ಗೆರೆಯವರೆಗೆ. ಆಲೆಯ ಬೊಡ್ಡೆ ಮಾತ್ರ ಇದಕ್ಕೆ ಹೊರತು. ಅದು 20 ಮೀಟರ್ ಚೌಕದ ಎಲ್ಲೇ ಇರಲಿ, ಅದರ ಒಂದೊಂದು ಕುಡಿಯನ್ನೂ ಅಳೆಯಬೇಕು. ಇಂಥ 25 ದೊಡ್ಡ ಚೌಕಗಳು ಸೇರಿದರೆ ಒಂದು ಹೆಕ್ಟೇರ್. ಚೌಕ ಎಲ್ಲಿ ಬೀಳಬೇಕು ಎಂಬುದನ್ನು ಕೋಣೆಯಲ್ಲಿ ಕುಳಿತು ಚೀಟಿ ಎತ್ತಿದ ಹಾಗೆ ನಕ್ಷೆಯ ಮೇಲೆ ನಿರ್ಧರಿಸಿ ಹೊರಡಬೇಕು. ಕಾಡಿಗೆ ಹೋಗಿ ಆರಿಸಿದರೆ ಕಾಲುದಾರಿಯ ಪಕ್ಕವೇ ಬೀಳುತ್ತದೆ, ಕಡಿಯುವವರೂ ಅದೇ ಕಾಲುದಾರಿಯಲ್ಲಿ ಬರುತ್ತಾರೆ.

ಕಾಡಿನ ಹೊರಗಿನ ಆಲೆಯನ್ನು ಚೌಕದಿಂದ ಹಿಡಿಯಲಾಗದು. ರಾಗಿ ಹೊಲದ ಬದು, ಹಿಪ್ಪುನೇರಳೆ ತೋಟದ ಬೇಲಿ, ಗೋಮಾಳದ ಅಂಚು ಇವೆಲ್ಲ ಸಾಲುಗಳು. ಅಲ್ಲಿ ಒಂದು ಕಿಲೋಮೀಟರ್ ಬದುವಿಗೆ ಎಷ್ಟು ಬೊಡ್ಡೆ ಎಂದು ಲೆಕ್ಕ ಹಾಕುವುದೇ ಅರ್ಥಪೂರ್ಣ. ಹಿಪ್ಪುನೇರಳೆಯ ಮಾತು ಬಂದದ್ದು ಕಾಕತಾಳೀಯವಲ್ಲ. ರಾಮನಗರ ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆ. ನೂಲು ಬಿಚ್ಚುವ ಒಲೆಗಳಿಗೆ ಗೂಡು ಬೇಯಿಸಲು ಸೌದೆ ಹೋದದ್ದು ಈ ಸೀಮೆಯ ಕಾಡಿನಿಂದ, ಬದುಗಳಿಂದ. ಆಲೆಯ ಕುಡಿ ಒಲೆಗೂ ಆಗುತ್ತದೆ, ಬೊಂಬೆಗೂ ಆಗುತ್ತದೆ. ಕಡಿತದ ಗುರುತಿನಿಂದಲೇ ಯಾವುದಕ್ಕೆ ಹೋಯಿತೆಂದು ಹೇಳುವಂತಿಲ್ಲವಾದ್ದರಿಂದ, ಕೊರತೆಯ ಭಾರವನ್ನೆಲ್ಲ ಬೊಂಬೆಯವರ ತಲೆಗೆ ಕಟ್ಟುವುದು ಅನ್ಯಾಯ.

ಬೆಳವಣಿಗೆಯ ಅಳತೆ ಇದಕ್ಕಿಂತ ಕಷ್ಟ. ಅಳಿವಿನಂಚಿನ ಪೈನ್ ಕಾಡುಗಳನ್ನು ಅಭ್ಯಸಿಸುವವರ ಕೈಯಲ್ಲಿ ನಮಗಿಲ್ಲದ ಒಂದು ಅನುಕೂಲವಿದೆ. ಟೊಳ್ಳು ಬೈರಿಗೆಯನ್ನು ಕಾಂಡಕ್ಕೆ ತಿರುಗಿಸಿ ಪೆನ್ಸಿಲಿಗಿಂತ ತೆಳುವಾದ ಒಂದು ಕಡ್ಡಿಯನ್ನು ಹೊರತೆಗೆದರೆ ಅದರ ಮೇಲೆ ವರ್ಷವರ್ಷದ ಉಂಗುರಗಳು ಸ್ಪಷ್ಟವಾಗಿ ಕಾಣುತ್ತವೆ. ಒಂದೇ ಭೇಟಿಯಲ್ಲಿ ನೂರು ವರ್ಷದ ಬೆಳವಣಿಗೆ ಕೈಗೆ ಸಿಗುತ್ತದೆ. ದಕ್ಷಿಣ ಭಾರತಕ್ಕೆ ಸಹಜವಾದ ಪೈನ್ ಇಲ್ಲ; ಶಂಕುಧಾರಿ ಮರಗಳ ಬಳಗದಲ್ಲಿ ಇಲ್ಲಿ ತಾನಾಗಿ ಬೆಳೆಯುವುದು ಪಶ್ಚಿಮ ಘಟ್ಟದ ನೇಗಿಯ ವಾಲಿಚಿಯಾನ ಒಂದೇ. ನಮ್ಮ ಒಣ ಕಾಡಿನ ಮರಗಳಲ್ಲಿ ತೇಗದಂಥ ಕೆಲವು ಉಂಗುರಗಳನ್ನು ಚೆನ್ನಾಗಿ ತೋರಿಸುತ್ತವೆ, ಆದ್ದರಿಂದಲೇ ಮಳೆಯ ಇತಿಹಾಸ ಓದಲು ತೇಗವನ್ನು ಬಳಸುತ್ತಾರೆ. ಆದರೆ ಕಡಿದು ಚಿಗುರಿದ ತೆಳುವಾದ ಕುಡಿಗೆ ಬೈರಿಗೆ ಹಾಕಿದರೆ ಅದೇ ಅದಕ್ಕೆ ದೊಡ್ಡ ಗಾಯ. ಬೊಂಬೆಗೆ ಬೇಕಾದ ಮರಕ್ಕೆ ತೂತು ಕೊರೆದು ಅಧ್ಯಯನ ಮಾಡುವುದು ನನಗಂತೂ ಒಪ್ಪಿಗೆಯಿಲ್ಲ. ಅದೇ ಕುಡಿಯ ಬಳಿಗೆ ಮತ್ತೆ ಮತ್ತೆ ಹೋಗಿ ಟೇಪು ಸುತ್ತುವುದೊಂದೇ ದಾರಿ.

ಪೈನ್ ಕಾಡಿನವರಿಂದ ಕಲಿಯಬೇಕಾದದ್ದು ಇನ್ನೊಂದಿದೆ. ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ಉದ್ದಎಲೆಯ ಪೈನ್ ಕಾಡು ಒಂದು ಕಾಲಕ್ಕೆ ಸುಮಾರು 9 ಕೋಟಿ ಎಕರೆಯಷ್ಟು ಹರಡಿತ್ತು. ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಅದರ ಶೇ. 5 ಕೂಡ ಉಳಿದಿರಲಿಲ್ಲ. ಅದರ ಸಸಿ ಮೊದಲ ಕೆಲವು ವರ್ಷ ಎತ್ತರಕ್ಕೆ ಏಳುವುದೇ ಇಲ್ಲ. ಹುಲ್ಲಿನ ಗುಪ್ಪೆಯ ಹಾಗೆ ನೆಲಕ್ಕೆ ಅಂಟಿಕೊಂಡಿದ್ದು, ಕೆಳಗೆ ಬೇರನ್ನು ಬಲಪಡಿಸಿಕೊಳ್ಳುತ್ತದೆ. ನೆಲದ ಬೆಂಕಿ ಮೇಲೆ ಹಾದುಹೋದರೂ ಬದುಕುತ್ತದೆ. ಎದೆಮಟ್ಟದ ಸುತ್ತಳತೆಯನ್ನೇ ನಂಬಿದವರಿಗೆ ಆ ಕಾಡಿನ ಮುಂದಿನ ಪೀಳಿಗೆ ಇಲ್ಲವೇ ಇಲ್ಲ ಎಂದು ತೋರುತ್ತದೆ. ಅದಕ್ಕಾಗಿ ಅಲ್ಲಿ ಬುಡದ ಕೊರಳಿನ ದಪ್ಪವನ್ನು ಅಳೆಯುತ್ತಾರೆ. ನಮ್ಮ ಒಣ ಕಾಡಿನಲ್ಲೂ ಹೀಗೆಯೇ ಅನೇಕ ಜಾತಿಯ ಸಸಿಗಳು ಮಾರ್ಚಿ ತಿಂಗಳ ಬೆಂಕಿಗೆ, ಬಿಸಿಲಿಗೆ, ಮೇಯುವ ದನಕ್ಕೆ ಮೇಲ್ಭಾಗವನ್ನು ಕಳೆದುಕೊಂಡು, ಮೊದಲ ಮಳೆಗೆ ಬೇರಿನಿಂದ ಮತ್ತೆ ಚಿಗುರುತ್ತವೆ. ಹತ್ತು ವರ್ಷದ ಬೇರಿನ ಮೇಲೆ ಒಂದು ವರ್ಷದ ಕಡ್ಡಿ. ಇದನ್ನು ಹೊಸ ಸಸಿ ಎಂದು ಬರೆದರೆ ಕಾಡು ಚೆನ್ನಾಗಿ ಹುಟ್ಟುತ್ತಿದೆ ಎಂಬ ತೀರ್ಮಾನಕ್ಕೆ ಬರುತ್ತೇವೆ. ಬರೆಯದೆ ಬಿಟ್ಟರೆ ಹುಟ್ಟುತ್ತಲೇ ಇಲ್ಲ ಎಂಬ ತೀರ್ಮಾನಕ್ಕೆ. ಎರಡೂ ಸುಳ್ಳು. ಬುಡದ ಮಣ್ಣನ್ನು ಬೆರಳಿನಿಂದ ಸರಿಸಿ, ಕೊರಳು ಕಡ್ಡಿಗಿಂತ ಎಷ್ಟು ದಪ್ಪ ಎಂದು ನೋಡಿದರೆ ಬೀಜದಿಂದ ಬಂದ ಸಸಿಯೋ ಹಳೆಯ ಬೇರಿನ ಚಿಗುರೋ ತಿಳಿಯುತ್ತದೆ.

ಕುಡಿಯ ಬೆಳವಣಿಗೆಯನ್ನು ಅಳೆಯುವಾಗ ಟೇಪಿನ ಮಿತಿ ನೆನಪಿರಬೇಕು. ಒಣ ಕಾಡಿನ ಮರ ವರ್ಷಕ್ಕೆ 2 ಮಿ.ಮೀ. ವ್ಯಾಸ ಬೆಳೆದರೆ ಸುತ್ತಳತೆ ಹೆಚ್ಚುವುದು ಸುಮಾರು 6 ಮಿ.ಮೀ. ಟೇಪು ಒಂದಿಷ್ಟು ಓರೆಯಾದರೆ, ಒಂದು ಬೆರಳು ಮೇಲೆಕೆಳಗಾದರೆ, ಸಡಿಲವಾಗಿ ಹಿಡಿದರೆ ಬರುವ ವ್ಯತ್ಯಾಸವೂ ಅಷ್ಟೇ ಇರುತ್ತದೆ. ಮೇಲಾಗಿ ತೊಗಟೆ ನೀರು ಹೀರಿ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಮೊದಲ ಸಲ ಅಕ್ಟೋಬರಿನಲ್ಲಿ ಅಳೆದು ಮುಂದಿನ ಸಲ ಏಪ್ರಿಲಿನಲ್ಲಿ ಅಳೆದರೆ ಆರೋಗ್ಯವಂತ ಮರವೂ ತೆಳ್ಳಗಾದಂತೆ ಕಾಣಬಹುದು. ಅಂಥ ಋಣ ಬೆಳವಣಿಗೆಯ ಅಂಕಿಗಳನ್ನು ತಪ್ಪೆಂದು ಹೊಡೆದುಹಾಕಿ, ತಪ್ಪಿನಿಂದಲೇ ಹೆಚ್ಚಾಗಿ ಬಂದ ಅಂಕಿಗಳನ್ನು ಮಾತ್ರ ಉಳಿಸಿಕೊಂಡರೆ ಸರಾಸರಿ ಮೇಲಕ್ಕೆ ಓಡುತ್ತದೆ. ಎರಡನ್ನೂ ಉಳಿಸಬೇಕು, ಇಲ್ಲವೇ ಎರಡನ್ನೂ ಒಂದೇ ನಿಯಮದಿಂದ ತೆಗೆಯಬೇಕು. ಈ ಸೀಮೆಯಲ್ಲಿ ಮಳೆಗೆ ಎರಡು ಏರುಗಳು, ಮೇ ತಿಂಗಳಲ್ಲಿ ಒಂದು, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ದೊಡ್ಡದು. ಆ ಮಳೆಯ ಬೆಳವಣಿಗೆ ಮುಗಿದು, ಎಲೆ ಪೂರ್ತಿ ಉದುರುವ ಮುನ್ನ, ಡಿಸೆಂಬರಿನಲ್ಲಿ ಅಳೆಯುವುದು ಅನುಕೂಲ. ಎಲೆ ಇರುವುದರಿಂದ ಗುರುತೂ ಸುಲಭ.

ಅಳೆಯುವ ಎತ್ತರದ ವಿಷಯದಲ್ಲಿ ಅಂತರರಾಷ್ಟ್ರೀಯ ರೂಢಿ 1.3 ಮೀಟರ್, ನಮ್ಮ ಅರಣ್ಯ ಇಲಾಖೆಗಳ ಹಳೆಯ ರೂಢಿ ನಾಲ್ಕೂವರೆ ಅಡಿ, ಅಂದರೆ 1.37 ಮೀಟರ್. ಒಂದು ಸಲ ಒಂದು, ಇನ್ನೊಂದು ಸಲ ಇನ್ನೊಂದು ಆಗಬಾರದು. ಕಾಂಡಕ್ಕೆ ಸಣ್ಣ ಬಣ್ಣದ ಗೆರೆ ಎಳೆದು ಅದರ ಮೇಲೆಯೇ ಟೇಪು ಕೂರಿಸಿದರೆ ವಾದವೇ ಉಳಿಯುವುದಿಲ್ಲ. ಬೊಡ್ಡೆಯ ಕುಡಿಗಳಿಗೆ ಎತ್ತರವನ್ನು ನೆಲದಿಂದ ಹಿಡಿಯಬೇಕೇ, ಕಡಿತದ ಮುಖದಿಂದಲೇ ಎಂಬ ಪ್ರಶ್ನೆಗೆ ನನ್ನ ಉತ್ತರ ನೆಲದಿಂದ. ಕಡಿತದ ಮುಖ ಪ್ರತಿ ಕೊಯ್ಲಿನಲ್ಲಿ ಬದಲಾಗುತ್ತದೆ, ನೆಲ ಬದಲಾಗುವುದಿಲ್ಲ. ಬೊಡ್ಡೆಗೆ ಒಂದು ಅಲ್ಯೂಮಿನಿಯಂ ಬಿಲ್ಲೆ, ಒಂದೊಂದು ಕುಡಿಗೂ ಬೊಡ್ಡೆಯ ಉತ್ತರ ದಿಕ್ಕಿನಿಂದ ಬಲಕ್ಕೆ ಎಣಿಸಿದ ಕ್ರಮಾಂಕ. ಕುಡಿಗೆ ತಂತಿ ಕಟ್ಟಬಾರದು, ಬೆಳೆಯುವ ತೊಗಟೆಯಲ್ಲಿ ಅದು ಹೂತುಹೋಗುತ್ತದೆ, ಮುಂದೆ ಉಳಿಗೂ ಸಿಗುತ್ತದೆ.

ಕುಡಿಗಳು ತಮ್ಮತಮ್ಮೊಳಗೇ ಪೈಪೋಟಿ ಮಾಡುತ್ತವೆ ಎಂಬುದು ಇಲ್ಲಿ ಬಹಳ ಮುಖ್ಯ. ಕಡಿದ ವರ್ಷ ಒಂದು ಬೊಡ್ಡೆಯಿಂದ ಹಲವಾರು ಚಿಗುರು ಬರುತ್ತವೆ. ಮುಂದೆ ನೆರಳಿಗೆ ಸಿಕ್ಕವು ಒಣಗಿ, ಕೆಲವು ಮಾತ್ರ ಕಾಂಡವಾಗುತ್ತವೆ. ಕಾಂಡಗಳ ಸಂಖ್ಯೆ ಇಳಿದಿದೆ ಎಂದಮಾತ್ರಕ್ಕೆ ಬೊಡ್ಡೆ ಸೋತಿದೆ ಎನ್ನಲಾಗದು. ಉಳಿದವುಗಳ ಕಾಂಡಮುಖ ಏರುತ್ತಿದ್ದರೆ ಅದು ಸರಿಯಾಗಿಯೇ ಬೆಳೆಯುತ್ತಿದೆ. ಕಸುಬಿನ ದೃಷ್ಟಿಯಿಂದ ಬೇಕಾದ ಸಂಖ್ಯೆ ಸರಾಸರಿ ಬೆಳವಣಿಗೆಯೂ ಅಲ್ಲ. 10ರಿಂದ 20 ಸೆಂ.ಮೀ. ಸುತ್ತಳತೆಯ ಗುಂಪಿನಿಂದ 20ರಿಂದ 30ರ ಗುಂಪಿಗೆ ಒಂದು ವರ್ಷದಲ್ಲಿ ಎಷ್ಟು ಕುಡಿಗಳು ದಾಟಿದವು, ಆ ಮೇಲಿನ ಗುಂಪಿನಿಂದ ಎಷ್ಟು ಕಡಿದುಹೋದವು ಎಂಬ ಎರಡು ಅಂಕಿಗಳು ಸಾಕು. ಮೊದಲನೆಯದು ಎರಡನೆಯದಕ್ಕಿಂತ ವರ್ಷವರ್ಷವೂ ಕಡಿಮೆಯಿದ್ದರೆ ಆ ಜಾಗದ ಕೊಯ್ಲನ್ನು ನಿಲ್ಲಿಸಬೇಕು, ಬೇರೆ ಜಾಗಕ್ಕೆ ಸರದಿ ಕೊಡಬೇಕು.

ಕಡಿದುಹೋದದ್ದನ್ನು ಅಳೆಯಲೂ ಬರುತ್ತದೆ. ಹೊಸ ಕಡಿತದ ಮುಖದ ಸುತ್ತಳತೆಯನ್ನೂ ಅದು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನೂ ಬರೆದುಕೊಳ್ಳುವುದು; ಪಕ್ಕದಲ್ಲಿ ನಿಂತಿರುವ ಕುಡಿಗಳಲ್ಲಿ ಅದೇ ಎತ್ತರದ ಸುತ್ತಳತೆಗೂ ಎದೆಮಟ್ಟದ ಸುತ್ತಳತೆಗೂ ಇರುವ ಪ್ರಮಾಣವನ್ನು ತೆಗೆಯುವುದು; ಆ ಪ್ರಮಾಣದಿಂದ ಹೋದ ಕುಡಿಯ ಗಾತ್ರವನ್ನು ಅಂದಾಜು ಮಾಡುವುದು. ಚನ್ನಪಟ್ಟಣಕ್ಕೆ ಬಂದ ತುಂಡುಗಳ ದಪ್ಪವನ್ನು ಕಸುಬುದಾರರ ಒಪ್ಪಿಗೆಯಿಂದ ಒಂದು ಋತುವಿನುದ್ದಕ್ಕೂ ಅಳೆದರೆ ಎರಡು ತುದಿಗಳೂ ಕೂಡುತ್ತವೆ. ತುಂಡುಗಳು ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತಿದ್ದರೆ ಕಾಡಿನ ಚೌಕಗಳು ಹೇಳುವ ಮೊದಲೇ ಅದು ಎಚ್ಚರಿಕೆ. ಒಣಗಿದ ಮರ ಕುಗ್ಗಿರುತ್ತದೆ, ಸಿಪ್ಪೆಯೂ ಹೋಗಿರುತ್ತದೆ. ಹಸಿ ಕುಡಿಯ ಅಳತೆಯ ಜೊತೆ ಹೋಲಿಸುವ ಮೊದಲು ಅದೇ ಮರದ ಕೆಲವು ತುಂಡುಗಳನ್ನು ಹಸಿಯಲ್ಲೂ ಒಣಗಿದ ಮೇಲೂ ಅಳೆದು ಆ ಅಂತರವನ್ನು ತಿಳಿದುಕೊಳ್ಳಬೇಕು.

ಶ್ರೀಗಂಧದ ಬಗ್ಗೆ ಒಂದು ಮಾತು ಬಿಡುವಂತಿಲ್ಲ, ಅದೂ ಇದೇ ಕಾಡುಗಳ ಮರ, ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅಪಾಯಕ್ಕೊಳಗಾಗಬಲ್ಲ ಜಾತಿ ಎಂದು ಸೇರಿರುವ ಮರ. ಅದು ಇತರ ಗಿಡಗಳ ಬೇರಿನಿಂದ ಪೋಷಣೆ ಎಳೆದುಕೊಳ್ಳುವುದರಿಂದ ಗುಂಪುಗುಂಪಾಗಿ ಇರುತ್ತದೆ. ಬಹುತೇಕ ಚೌಕಗಳಲ್ಲಿ ಒಂದೂ ಸಿಗದೆ ಒಂದೆರಡರಲ್ಲಿ ಹತ್ತಾರು ಸಿಗುವುದುಂಟು. ಅದಕ್ಕೆ ಸರಾಸರಿ ಸಾಂದ್ರತೆ ಹೇಳುವುದಕ್ಕಿಂತ, ಒಂದು ಸಿಕ್ಕ ಚೌಕದ ಸುತ್ತಲಿನ ಚೌಕಗಳನ್ನೂ ಅಳೆಯುತ್ತ ಗುಂಪಿನ ಅಂಚಿನ ತನಕ ಹೋಗುವ ವಿಧಾನ ಮೇಲು. ಎಲ್ಲಿದೆ ಎಂಬುದನ್ನು ಮಾತ್ರ ಪ್ರಕಟಿಸಬಾರದು. ಕಳ್ಳರಿಗೆ ನಕ್ಷೆ ಕೊಟ್ಟಂತಾಗುತ್ತದೆ.

ಆಲೆಯ ಚೌಕಗಳ ದಾಖಲೆ ಮಾತ್ರ ತೆರೆದಿರಲಿ. ಅರಣ್ಯ ಇಲಾಖೆಯ ಅನುಮತಿ, ವನ್ಯಜೀವಿಧಾಮದೊಳಗಾದರೆ 1972ರ ವನ್ಯಜೀವಿ ಕಾಯ್ದೆಯಡಿ ಪ್ರತ್ಯೇಕ ಅನುಮತಿ ಬೇಕೇ ಬೇಕು. ಅದಾದ ಮೇಲೆ ಅಳತೆಯ ಪಟ್ಟಿಯ ಒಂದು ಕನ್ನಡ ಪ್ರತಿ ಆಯಾ ಊರಿನ ಗ್ರಾಮ ಅರಣ್ಯ ಸಮಿತಿಯಲ್ಲಿ, ಇನ್ನೊಂದು ಚನ್ನಪಟ್ಟಣದ ಕಸುಬುದಾರರ ಕೈಯಲ್ಲಿ ಇರಬೇಕು. ಪಟ್ಟಿಯಲ್ಲಿ ಚೌಕದ ಸಂಖ್ಯೆ, ಬಂಡೆಯ ಪಾಲು, ಇಳಿಜಾರು, ಬೊಡ್ಡೆಯ ಬಿಲ್ಲೆ, ಕುಡಿಯ ಕ್ರಮಾಂಕ, ಸುತ್ತಳತೆ, ಕತ್ತಿಯ ಗುರುತೋ ಆನೆಯ ಗುರುತೋ, ಅಳೆದ ತಿಂಗಳು ಇಷ್ಟಿದ್ದರೆ ಮುಂದಿನ ಡಿಸೆಂಬರಿನಲ್ಲಿ ಟೇಪು ಹಿಡಿದು ಹೋಗುವವರು ಬೇರೆಯವರಾದರೂ ಅದೇ ಬೊಡ್ಡೆಯ ಅದೇ ಕುಡಿಯನ್ನು ಹುಡುಕಿ ಅಳೆಯಬಲ್ಲರು.